ಅಂಟು ಹಾಕಿಸೋದಾ, ವೆಲ್ಡಿಂಗ್ ಮಾಡಿಸೋದಾ? ಗಾಡಿಯ ತಗಡು ಕೆಲಸಕ್ಕೆ ಕೊಡುವ ಮುಂಚೆ

ಮಳೆಗಾಲ ಮುಗಿಯುತ್ತಿದ್ದಂತೆ ಹಾಸನ, ಚಿಕ್ಕಮಗಳೂರಿನ ಟಿಂಕರಿಂಗ್ ಶೆಡ್‌ಗಳಿಗೆ ಕೈತುಂಬ ಕೆಲಸ. ಸಿಲ್ವರ್ ಓಕ್ ಕೊಂಬೆ ಬಿದ್ದು ತಗ್ಗಾದ ಚಾವಣಿ, ಚಾರ್ಮಾಡಿ ತಿರುವಿನಲ್ಲಿ ಉಜ್ಜಿಸಿಕೊಂಡ ಬಾಗಿಲು, ತೋಟದ ಕೆಸರಲ್ಲಿ ನಿಂತು ನಿಂತು ತೂತು ಬಿದ್ದ ಜೀಪಿನ ನೆಲ. ಮೊದಲೆಲ್ಲ ಇದಕ್ಕೆ ಒಂದೇ ದಾರಿ ಇತ್ತು. ವೆಲ್ಡಿಂಗ್ ಹೊಡಿ, ಪುಟ್ಟಿ ಹಾಕು, ಪೇಂಟ್ ಮಾಡು. ಈಗ ಕೆಲವು ಕಡೆ ಇನ್ನೊಂದು ಮಾತೂ ಕೇಳಿಬರುತ್ತದೆ: "ಬೇಕಾದ್ರೆ ಬಾಂಡಿಂಗ್ ಮಾಡ್ಕೊಡ್ತೀನಿ ಸಾರ್, ಬೆಂಕಿ ತಾಗಿಸೋದೇ ಬೇಡ." ಬಾಂಡಿಂಗ್ ಅಂದರೆ ತಗಡನ್ನು ಅಂಟಿನಿಂದ ಕೂಡಿಸುವುದು. ಗಾಡಿಯವರು ಅಲ್ಲೇ ಗೊಂದಲಕ್ಕೆ ಬೀಳುತ್ತಾರೆ.

"ಗಾಡಿಗೆ ಗೋಂದು ಹಾಕ್ತಾರಾ?" ಎಂದು ನಗುವವರಿದ್ದಾರೆ. "ವಿಮಾನಕ್ಕೇ ಹಾಕ್ತಾರೆ, ಕಾರೇನು ಮಹಾ" ಎನ್ನುವವರೂ ಇದ್ದಾರೆ. ಇಬ್ಬರದ್ದೂ ಅರ್ಧ ಸತ್ಯ. ಬ್ರಿಟನ್ನಿನ ಲೋಟಸ್ ಕಂಪನಿ 1996ರಲ್ಲಿ ತಂದ ಎಲೀಸ್ ಕಾರಿನ ಅಲ್ಯುಮಿನಿಯಂ ಚಾಸಿಯನ್ನೇ ಎಪಾಕ್ಸಿ ಅಂಟಿನಿಂದ ಜೋಡಿಸಿದ್ದರು. ನಿಮ್ಮ ಕಾರಿನ ಮುಂದಿನ ಗಾಜು ಹಿಡಿದು ನಿಂತಿರುವುದೂ ಪಾಲಿಯುರಿಥೇನ್ ಅಂಟಿನಿಂದಲೇ. ಅದೇ ಕಾರಿನ ಬಾಡಿಯಲ್ಲಿ ಸಾವಿರಾರು ಸ್ಪಾಟ್ ವೆಲ್ಡ್‌ಗಳೂ, ಅಂದರೆ ಚುಕ್ಕೆ ಬೆಸುಗೆಗಳೂ ಇರುತ್ತವೆ. ಎಲ್ಲಿಗೆ ಯಾವುದು ಅಂತ ಕಾರ್ಖಾನೆಯವರು ಲೆಕ್ಕ ಹಾಕಿಯೇ ಇಟ್ಟಿದ್ದಾರೆ. ರಿಪೇರಿ ಮಾಡಿಸುವಾಗ ನಮಗೂ ಆ ಲೆಕ್ಕ ಸ್ವಲ್ಪ ಗೊತ್ತಿದ್ದರೆ ಮೋಸ ಹೋಗುವುದಿಲ್ಲ.

ಮೊದಲು ಇಷ್ಟು ನೋಡಿಕೊಳ್ಳಿ

ಎಲ್ಲಕ್ಕಿಂತ ಮೊದಲು, ಪೆಟ್ಟು ಬಿದ್ದ ಭಾಗ ಬೋಲ್ಟ್ ಮೇಲೆ ಕೂತಿದೆಯಾ ನೋಡಿ. ಬಾನೆಟ್, ಡಿಕ್ಕಿ ಬಾಗಿಲು, ಬಾಗಿಲುಗಳು, ಹೆಚ್ಚಿನ ಕಾರುಗಳ ಮುಂದಿನ ಫೆಂಡರ್ ಎಲ್ಲವೂ ಬೋಲ್ಟ್ ಬಿಚ್ಚಿದರೆ ಕೈಗೆ ಬರುತ್ತವೆ. ಹೊಸದೋ ಗುಜರಿಯಲ್ಲಿ ಸಿಗುವ ಒಳ್ಳೆಯ ಹಳೆಯದೋ ತಂದು ಕೂರಿಸಿದರೆ ಮುಗಿಯಿತು. ಅಂಟೂ ಬೇಡ, ವೆಲ್ಡಿಂಗೂ ಬೇಡ. ಇದನ್ನು ಹೇಳದೆ ಫೆಂಡರ್‌ಗೆ ತೇಪೆ ಹಾಕಿ ದುಡ್ಡು ಮಾಡುವವರೂ ಇದ್ದಾರೆ.

ಬೋಲ್ಟ್ ಇಲ್ಲ ಅಂದಾಗ ಮುಖ್ಯ ಪ್ರಶ್ನೆ, ಆ ಭಾಗ ಏನು ಕೆಲಸ ಮಾಡುತ್ತದೆ ಎನ್ನುವುದು. ಬಾಗಿಲಿನ ಹೊರ ತಗಡು, ಹಿಂದಿನ ಚಕ್ರದ ಮೇಲಿನ ಕ್ವಾರ್ಟರ್ ಪ್ಯಾನೆಲ್ ಇವೆಲ್ಲ ಹೆಚ್ಚಾಗಿ ಹೊದಿಕೆಯ ಭಾಗಗಳು. ಮುಂದಿನ ಗಾಜಿನ ಪಕ್ಕದ ಕಂಬ, ಎರಡು ಬಾಗಿಲ ನಡುವಿನ ಕಂಬ, ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್, ಎಂಜಿನ್ ಹೊತ್ತ ಉದ್ದನೆಯ ರೈಲು, ಸೀಟ್ ಬೆಲ್ಟ್ ಬೋಲ್ಟ್ ಹಿಡಿಯುವ ಜಾಗ ಇವು ಅಪಘಾತದಲ್ಲಿ ಪೆಟ್ಟು ತಡೆಯುವ ಭಾಗಗಳು. ಚಾವಣಿ ಎರಡರ ಮಧ್ಯೆ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಆಮೇಲೆ ಉಕ್ಕು ಯಾವುದು ಅಂತ ನೋಡಬೇಕು. ಹಳೆಯ ಜೀಪು, ಅಂಬಾಸಡರ್‌ಗಳದ್ದು ದಪ್ಪ ಮೆದು ಉಕ್ಕು, ಎಷ್ಟು ಕಾಯಿಸಿದರೂ ತಡೆದುಕೊಳ್ಳುತ್ತಿತ್ತು. ಈಗಿನ ಕಾರಿನ ಹೊರ ತಗಡು 0.6ರಿಂದ 0.8 ಮಿಲಿಮೀಟರ್ ಅಷ್ಟೇ. ಒಳಗಿನ ಕಂಬಗಳಲ್ಲಿ ಬೋರಾನ್ ಉಕ್ಕು ಇರಬಹುದು, ಅದು ಹೊರ ತಗಡಿಗಿಂತ ನಾಲ್ಕೈದು ಪಟ್ಟು ಗಟ್ಟಿ. ಕೆಂಪಗೆ ಕಾಯಿಸಿದರೆ ಆ ಗಟ್ಟಿತನ ಹೋಗುತ್ತದೆ, ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. 2023ರ ಅಕ್ಟೋಬರ್‌ನಿಂದ ಕಾರನ್ನು ಗುದ್ದಿಸಿ ನೋಡಿ ಸುರಕ್ಷತೆಗೆ ಸ್ಟಾರ್ ಕೊಡುವ ಭಾರತ್ ಎನ್‌ಕ್ಯಾಪ್ ಬಂದಿದೆ, ಸ್ಟಾರ್ ನೋಡಿ ಕಾರು ಕೊಳ್ಳುತ್ತೇವೆ. ಆ ಸ್ಟಾರ್ ತಂದುಕೊಟ್ಟ ಕಂಬಕ್ಕೆ ಗ್ಯಾಸ್ ಬೆಂಕಿ ಹಿಡಿದರೆ ಸ್ಟಾರ್ ಇನ್ನೆಲ್ಲಿ?

ತಗಡಿನ ಹಿಂಬದಿಗೆ ಕೈ ಹೋಗುತ್ತಾ, ಶೆಡ್ಡಿನಲ್ಲಿ ಯಾವ ಮಿಷನ್ ಇದೆ, ಗಾಡಿಯನ್ನು ಇನ್ನೆಷ್ಟು ವರ್ಷ ಇಟ್ಟುಕೊಳ್ಳುತ್ತೀರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ. ನಮ್ಮ ಕಡೆ ಇವೆಲ್ಲದರ ಜೊತೆ ಮಳೆಯೂ ಸೇರುತ್ತದೆ.

ವೆಲ್ಡಿಂಗ್ ಅಂದರೆ ಯಾವ ವೆಲ್ಡಿಂಗ್?

ವೆಲ್ಡಿಂಗ್ ಗಟ್ಟಿಯೋ ಅಂಟು ಗಟ್ಟಿಯೋ ಅಂತ ಕೇಳುವ ಮುಂಚೆ ಇದನ್ನು ಕೇಳಬೇಕು. ನಾಲ್ಕು ಥರದ ವೆಲ್ಡಿಂಗ್‌ಗೂ ಒಂದೇ ಹೆಸರು ಹೇಳಿ ಒಂದೇ ರೇಟು ಹೇಳುತ್ತಾರೆ.

ಗ್ಯಾಸ್ ವೆಲ್ಡಿಂಗ್‌ನ ಬೆಂಕಿ 3,000 ಡಿಗ್ರಿ ದಾಟುತ್ತದೆ. ಬಿಸಿ ಒಂದೇ ಕಡೆ ನಿಲ್ಲದೆ ಸುತ್ತ ಹರಡುತ್ತದೆ. ತೆಳು ತಗಡು ಅಲೆಅಲೆಯಾಗುತ್ತದೆ, ಅದನ್ನು ಮುಚ್ಚಲು ದಪ್ಪ ಪುಟ್ಟಿ ಬೇಕಾಗುತ್ತದೆ, ಕೆಲವೇ ವರ್ಷದಲ್ಲಿ ಪುಟ್ಟಿ ಬಿರುಕು ಬಿಡುತ್ತದೆ. ಹಳೆಯ ಕೈಗಳು ಇದರಲ್ಲೂ ಅದ್ಭುತ ಕೆಲಸ ಮಾಡುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ 2015ರ ಈಚಿನ ಕಾರಿನ ಬಾಡಿಗೆ ನಾನಂತೂ ಗ್ಯಾಸ್ ತಾಗಿಸಲು ಬಿಡುವುದಿಲ್ಲ.

ಕಡ್ಡಿ ಹಾಕಿ ಮಾಡುವ ಆರ್ಕ್ ವೆಲ್ಡಿಂಗ್ ಗೇಟಿಗೆ, ಟ್ರೇಲರ್‌ಗೆ, ದಪ್ಪ ಬ್ರಾಕೆಟ್‌ಗೆ ಸರಿ. ಕಾರಿನ ತಗಡಿಗೆ ತಾಗಿಸಿದರೆ ತೂತೇ ಬೀಳುತ್ತದೆ.

ಸಿಓಟು ವೆಲ್ಡಿಂಗ್ ಅಂತ ಕರೆಯುವ ಮಿಗ್ ವೆಲ್ಡಿಂಗ್ ನಮ್ಮ ಊರುಗಳಲ್ಲಿ ಸಿಗುವ ಒಳ್ಳೆಯ ಆಯ್ಕೆ. 0.6 ಅಥವಾ 0.8 ಮಿಲಿಮೀಟರ್ ತಂತಿ ಹಾಕಿ, ಒಂದೇ ಉಸಿರಿಗೆ ಎಳೆಯದೆ ಅಲ್ಲೊಂದು ಇಲ್ಲೊಂದು ಚುಕ್ಕೆ ಹೊಡೆದು, ತಣಿಯಲು ಬಿಟ್ಟು ಮುಂದುವರಿಸಿದರೆ ತಗಡು ಸೊಟ್ಟಗಾಗುವುದಿಲ್ಲ. ಮೇಲಿನ ತಗಡಿಗೆ ತೂತು ಕೊರೆದು ಕೆಳಗಿನದಕ್ಕೆ ಸೇರಿಸಿ ತುಂಬುವುದಕ್ಕೆ ಪ್ಲಗ್ ವೆಲ್ಡ್ ಅನ್ನುತ್ತಾರೆ. ಕಾರ್ಖಾನೆಯ ಸ್ಪಾಟ್ ಇದ್ದ ಜಾಗದಲ್ಲಿ ಇದನ್ನೇ ಹಾಕುತ್ತಾರೆ. ಇದಕ್ಕೆ ಎರಡು ಶತ್ರುಗಳು. ಒಂದು ಆಷಾಢದ ಗಾಳಿ. ತೆರೆದ ಶೆಡ್ಡಿನಲ್ಲಿ ಗಾಳಿ ಬೀಸಿದರೆ ಕಾಪಾಡಬೇಕಾದ ಗ್ಯಾಸ್ ಹಾರಿಹೋಗಿ ಬೆಸುಗೆಯೊಳಗೆ ಗುಳ್ಳೆ ಏಳುತ್ತದೆ. ಇನ್ನೊಂದು ವೋಲ್ಟೇಜ್. ಕರೆಂಟ್ ಡಲ್ ಆದರೆ ಬೆಸುಗೆ ಮೇಲೆಮೇಲೆ ಕೂರುತ್ತದೆ, ಒಳಗೆ ಇಳಿಯುವುದಿಲ್ಲ.

ಸ್ಪಾಟ್ ವೆಲ್ಡಿಂಗ್ ಕಾರ್ಖಾನೆಯ ಪದ್ಧತಿ. ಎರಡು ಕಡೆಯಿಂದ ಒತ್ತಿ ಕರೆಂಟ್ ಹಾಯಿಸುತ್ತಾರೆ, ಬಿಸಿ ಹರಡುವುದು ತೀರಾ ಕಡಿಮೆ. ಆದರೆ ತಗಡಿನ ಎರಡೂ ಬದಿಗೆ ಮಿಷನ್ನಿನ ತೋಳು ಹೋಗಬೇಕು. ಒಳ್ಳೆಯ ಮಿಷನ್ ಸಾಮಾನ್ಯವಾಗಿ ದೊಡ್ಡ ಬಾಡಿ ಶಾಪ್‌ಗಳಲ್ಲಿ ಮಾತ್ರ ಇರುತ್ತದೆ.

ಅಂಟಿನ ಬಲ ಎಲ್ಲಿದೆ, ಎಲ್ಲಿಲ್ಲ

ಇಲ್ಲಿ ಹೇಳುತ್ತಿರುವುದು ಎರಡು ಟ್ಯೂಬಿನ ಎಪಾಕ್ಸಿ ಪ್ಯಾನೆಲ್ ಅಂಟಿನ ಬಗ್ಗೆ. ಗನ್ನಿಗೆ ಹಾಕಿ ಒತ್ತಿದರೆ ಮೂತಿಯೊಳಗೆ ಎರಡೂ ಬೆರೆತು ಹೊರಗೆ ಬರುತ್ತದೆ. ಮನೆಯಲ್ಲಿ ಬಕೆಟ್‌ಗೆ ಹಚ್ಚುವ ಎಂ-ಸೀಲ್ ಇದಲ್ಲ. ಪುಟ್ಟಿಯಂತೂ ಅಂಟೇ ಅಲ್ಲ.

ಒಳ್ಳೆಯ ಎಪಾಕ್ಸಿ ಒಂದು ಚದರ ಸೆಂಟಿಮೀಟರ್‌ಗೆ ಸುಮಾರು 200 ಕಿಲೋ ಎಳೆತ ತಡೆಯುತ್ತದೆ. ಎರಡು ತಗಡು ಒಂದರ ಮೇಲೊಂದು ಜಾರುವ ದಿಕ್ಕಿನಲ್ಲಿ ಮಾತ್ರ ಈ ಲೆಕ್ಕ. ಎರಡು ಸೆಂಟಿಮೀಟರ್ ಅಗಲದ ಅಂಚಿಗೆ ಹತ್ತು ಸೆಂಟಿಮೀಟರ್ ಉದ್ದ ಹಚ್ಚಿದರೆ ಕಾಗದದ ಮೇಲೆ ನಾಲ್ಕು ಟನ್ ಆಯಿತು. ಅಷ್ಟರೊಳಗೆ ತಗಡೇ ಹರಿದಿರುತ್ತದೆ. ಹಾಗಾಗಿ "ಅಂಟು ಬಿಟ್ಟುಕೊಳ್ಳುತ್ತೆ" ಎಂಬ ಭಯಕ್ಕೆ ಸರಿಯಾಗಿ ಹಚ್ಚಿದ ಕಡೆ ಆಧಾರವಿಲ್ಲ. ದೌರ್ಬಲ್ಯ ಬೇರೆ ಕಡೆ ಇದೆ. ಗೋಡೆಗೆ ಅಂಟಿಸಿದ ಪೋಸ್ಟರನ್ನು ಜಾರಿಸಿ ಕೀಳಲು ಆಗುವುದಿಲ್ಲ, ಒಂದು ಮೂಲೆ ಉಗುರಿಗೆ ಸಿಕ್ಕರೆ ಸುಲಿದು ಬರುತ್ತದೆ. ಪ್ಯಾನೆಲ್ ಅಂಟೂ ಹಾಗೇ, ಸುಲಿಯುವ ಎಳೆತಕ್ಕೆ ಸೋಲುತ್ತದೆ. ಅಪಘಾತದಲ್ಲಿ ಲೋಹ ಮಡಚಿಕೊಳ್ಳುವಾಗ ಅಂಚುಗಳಲ್ಲಿ ಆಗುವುದು ಅದೇ ಎಳೆತ. ಗಾಡಿಗೆ ಬೆಂಕಿ ಹತ್ತಿದರಂತೂ ಅಂಟು ಮೆದುವಾಗುತ್ತದೆ, ಬೆಸುಗೆ ನಿಲ್ಲುತ್ತದೆ.

ಅದಕ್ಕೇ ಕಾರ್ಖಾನೆಯವರು ಮುಖ್ಯ ಜಾಗಗಳಲ್ಲಿ ಅಂಟು ಹಚ್ಚಿ, ಒದ್ದೆ ಇರುವಾಗಲೇ ಅದರ ಮೂಲಕ ಸ್ಪಾಟ್ ಹೊಡೆಯುತ್ತಾರೆ. ಅಲ್ಯುಮಿನಿಯಂ ಕಾರುಗಳಲ್ಲಿ ಅಂಟಿನ ಜೊತೆ ರಿವೆಟ್ ಹಾಕುತ್ತಾರೆ. ಅಂಟು ಜಾರದಂತೆ ಹಿಡಿಯುತ್ತದೆ, ಸ್ಪಾಟು ಸುಲಿಯದಂತೆ ಕಾಯುತ್ತದೆ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಒಳ್ಳೆಯ ಜೋಡಣೆ. ಆದರೆ ಅಂಟಿನ ಪಕ್ಕದಲ್ಲೇ ಮಿಗ್ ಹೊಡೆಯುವಂತಿಲ್ಲ, ಆ ಬಿಸಿಗೆ ಅಂಟು ಸುಟ್ಟು ಹೊಗೆಯಾಗುತ್ತದೆ.

ಸಮಯದ ಲೆಕ್ಕವನ್ನೂ ನೋಡಿ. ನಿಧಾನವಾಗಿ ಸೆಟ್ ಆಗುವ ಎಪಾಕ್ಸಿಗೆ 23 ಡಿಗ್ರಿಯ ಸುಮಾರಿಗೆ ಪ್ಯಾನೆಲ್ ಕೂರಿಸಿ ಸರಿಮಾಡಲು ಒಂದೂವರೆ ಗಂಟೆ ಸಿಗುತ್ತದೆ. ಕ್ಲ್ಯಾಂಪು ನಾಲ್ಕು ಗಂಟೆ ಇರಬೇಕು, ಪೂರ್ತಿ ಬಲ ಬರಲು 24 ಗಂಟೆ ಬೇಕು. ಪೊಟ್ಟಣದ ಮೇಲೆ ಬರೆದ ಹೊತ್ತನ್ನೇ ನಂಬಿ, ಒಂದೊಂದು ಅಂಟಿನದ್ದು ಒಂದೊಂದು ಥರ. ಬಿಸಿ ಹತ್ತು ಡಿಗ್ರಿ ಕಡಿಮೆಯಾದರೆ ಸಮಯ ಸುಮಾರು ದುಪ್ಪಟ್ಟಾಗುತ್ತದೆ. ಡಿಸೆಂಬರ್ ಚಳಿಯಲ್ಲಿ ಸಂಜೆ ಅಂಟಿಸಿ "ಬೆಳಗ್ಗೆ ಬನ್ನಿ, ಗಾಡಿ ತಗೊಂಡು ಹೋಗಿ" ಅಂದರೆ ಒಪ್ಪಬೇಡಿ. ದೀಪ ಹಾಕಿ ಬಿಸಿ ಕೊಡುವ ವ್ಯವಸ್ಥೆ ಇದ್ದರೆ ಮಾತು ಬೇರೆ.

ಮಲೆನಾಡಿನ ಮಳೆ ಯಾರ ಕಡೆ?

ಗಟ್ಟಿತನದ ವಾದ ಎಲ್ಲ ಊರಿಗೂ ಒಂದೇ. ಮೂಡಿಗೆರೆ, ಕೊಪ್ಪ, ಸಕಲೇಶಪುರದವರಿಗೆ ನಿಜವಾದ ಪ್ರಶ್ನೆ ತುಕ್ಕಿನದ್ದು.

ವೆಲ್ಡಿಂಗ್ ಮಾಡಿದ ಜಾಗದ ಹಿಂಬದಿ ನೋಡಿದ್ದೀರಾ? ಮುಂದೆ ಹೊಳೆಯುವ ಪೇಂಟು, ಹಿಂದೆ ಸುಟ್ಟು ಕಪ್ಪಾದ ತಗಡು. ಉಕ್ಕು ಕರಗಲು ಸುಮಾರು 1,500 ಡಿಗ್ರಿ ಬೇಕು. ತುಕ್ಕು ಹಿಡಿಯದಂತೆ ತಗಡಿಗೆ ಬಳಿದ ಸತು 907 ಡಿಗ್ರಿಗೇ ಕುದಿದು ಆವಿಯಾಗುತ್ತದೆ. ಅಂದರೆ ಬೆಸುಗೆ ಬೀಳುವ ಮೊದಲೇ ಕಾವಲು ಹೋಗಿರುತ್ತದೆ. ಕಾರ್ಖಾನೆಯ ಪ್ರೈಮರ್ ಕೂಡ ಹೋಗಿರುತ್ತದೆ. ಹಿಂಬದಿಗೆ ಕೈ ಹೋಗುವಂತಿದ್ದರೆ ಉಜ್ಜಿ ಎಪಾಕ್ಸಿ ಪ್ರೈಮರ್ ಹೊಡೆಯಬಹುದು. ರನ್ನಿಂಗ್ ಬೋರ್ಡಿನಂಥ ಮುಚ್ಚಿದ ಪೆಟ್ಟಿಗೆಗೆ ಉದ್ದನೆಯ ಕೊಳವೆ ತೂರಿಸಿ ಮೇಣದಂಥ ಲೇಪ ಸಿಂಪಡಿಸಬೇಕು. ಇದನ್ನು ಕೇಳದೆ ಯಾರೂ ಮಾಡುವುದಿಲ್ಲ. ಮಾಡದಿದ್ದರೆ ಎರಡು ಮಳೆಗಾಲದಲ್ಲಿ ಪೇಂಟಿನ ಕೆಳಗಿನಿಂದ ಗುಳ್ಳೆ ಏಳುತ್ತದೆ.

ಸತುವಿನ ವಿಷಯ ಬಂತಲ್ಲ, ತಗಡನ್ನು ಕರಗಿಸದೆ ತಂತಿಯನ್ನಷ್ಟೇ ಕರಗಿಸಿ ಕೂಡಿಸುವ ಮಿಗ್ ಬ್ರೇಜಿಂಗ್ ಬಗ್ಗೆಯೂ ಹೇಳಿಬಿಡುತ್ತೇನೆ. ತಾಮ್ರ-ಸಿಲಿಕಾನ್ ತಂತಿ ಸಾವಿರ ಡಿಗ್ರಿಯ ಆಸುಪಾಸಿನಲ್ಲೇ ಕರಗುವುದರಿಂದ ಸತು ಸುಡುವುದು ಕಡಿಮೆ. ಯುರೋಪಿನ ಕೆಲವು ಕಂಪನಿಗಳು ಇದನ್ನು ಒಪ್ಪುತ್ತವೆ. ನಿಮ್ಮ ಶೆಡ್ಡಿನವರಿಗೆ ಗೊತ್ತಿದ್ದರೆ ಅದೃಷ್ಟ.

ಅಂಟಿನಲ್ಲಿ ಈ ಸುಡುವ ತಾಪತ್ರಯವೇ ಇಲ್ಲ. ಎರಡು ತಗಡಿನ ಮಧ್ಯೆ ಸಂದಿಯನ್ನೂ ಅದೇ ತುಂಬುತ್ತದೆ, ನೀರು ಒಳಗೆ ಇಳಿಯುವುದಿಲ್ಲ. ಸ್ಪಾಟ್ ಅಥವಾ ಪ್ಲಗ್ ವೆಲ್ಡ್ ಆದರೆ ಚುಕ್ಕೆ ಚುಕ್ಕೆ ನಡುವೆ ಸಂದಿ ಉಳಿಯುತ್ತದೆ, ಅದಕ್ಕೆ ಸೀಲರ್ ಬಳಿಯಲೇಬೇಕು. ಕಲ್ಲು ರಸ್ತೆಯಲ್ಲಿ ಗಡಗಡ ಸದ್ದೂ ಅಂಟಿನಲ್ಲಿ ಕಡಿಮೆ.

ಹಾಗಾದರೆ ಮಳೆ ಅಂಟಿನ ಕಡೆಯಾ? ರಿಪೇರಿ ಆದಮೇಲೆ ಹೌದು. ರಿಪೇರಿ ಮಾಡುವ ದಿನ ಅಲ್ಲ. ಅಂಟು ಹಿಡಿಯಲು ತಗಡನ್ನು ಬರಿ ಲೋಹ ಕಾಣುವವರೆಗೆ ಒರಟಾಗಿ ಉಜ್ಜಬೇಕು. ಎಣ್ಣೆ, ಧೂಳು, ಬೆರಳಿನ ಜಿಡ್ಡು ಹೋಗುವಂತೆ ಕ್ಲೀನರ್‌ನಿಂದ ಒರೆಸಬೇಕು, ತಡಮಾಡದೆ ಅಂಟು ಹಚ್ಚಬೇಕು. ಜುಲೈ ತಿಂಗಳ ತೇವದಲ್ಲಿ ಬೆಳಗ್ಗೆ ಉಜ್ಜಿದ ತಗಡು ಸಂಜೆಗೆ ಕೆಂಪು ತಿರುಗಿರುತ್ತದೆ. ಅದರ ಮೇಲೆ ಹಚ್ಚಿದರೆ ಅಂಟು ಹಿಡಿಯುವುದು ತುಕ್ಕನ್ನೇ ಹೊರತು ತಗಡನ್ನಲ್ಲ. ಕೆಟ್ಟ ವೆಲ್ಡಿಂಗ್ ಬಹುಪಾಲು ಕಣ್ಣಿಗೆ ಕಾಣುತ್ತದೆ, ಕೆಟ್ಟ ಅಂಟು ಮುಚ್ಚಿದ ಮೇಲೆ ಯಾರಿಗೂ ಕಾಣುವುದಿಲ್ಲ. ಅಂಟಿನ ಬಗ್ಗೆ ನನಗಿರುವ ದೊಡ್ಡ ಅನುಮಾನ ಇದೊಂದೇ.

ಚಾವಣಿಯ ಕತೆ

ಅಮೆರಿಕದ ಟೆಕ್ಸಾಸ್‌ನಲ್ಲಿ 2010ರ ಹೋಂಡಾ ಫಿಟ್ ಕಾರೊಂದರ ಚಾವಣಿ ಆಲಿಕಲ್ಲು ಮಳೆಗೆ ಹಾಳಾಗಿತ್ತು. ನಮ್ಮಲ್ಲಿ ಜಾಝ್ ಅಂತ ಬಂದದ್ದು ಇದೇ ಕಾರು. ಹೋಂಡಾದ ಪದ್ಧತಿಯ ಪ್ರಕಾರ ಹೊಸ ಚಾವಣಿಯನ್ನು ವೆಲ್ಡ್ ಮಾಡಬೇಕಿತ್ತು, ಬಾಡಿ ಶಾಪ್‌ನವರು ಅಂಟು ಹಾಕಿದರು. ಆಮೇಲೆ ಕಾರು ಸೆಕೆಂಡ್ ಹ್ಯಾಂಡ್ ಆಗಿ ಒಂದು ದಂಪತಿಯ ಕೈಗೆ ಬಂತು, ಅವರಿಗೆ ಇದು ಗೊತ್ತೇ ಇರಲಿಲ್ಲ. 2013ರ ಡಿಸೆಂಬರ್‌ನಲ್ಲಿ ಭೀಕರ ಅಪಘಾತವಾಗಿ ಇಬ್ಬರಿಗೂ ತೀವ್ರ ಗಾಯವಾಯಿತು. 2017ರಲ್ಲಿ ಜ್ಯೂರಿ ಆ ಶಾಪ್ 3.15 ಕೋಟಿ ಡಾಲರ್ ಕೊಡಬೇಕೆಂದು ತೀರ್ಪು ಕೊಟ್ಟಿತು.

ಇದನ್ನು ಕೇಳಿ ಅಂಟೇ ಕೆಟ್ಟದ್ದು ಅಂದುಕೊಳ್ಳಬೇಡಿ. ಚಾವಣಿಗೆ ಅಂಟನ್ನೇ ಹೇಳುವ ಕಾರುಗಳೂ ಇವೆ. ಆ ಕಾರಿಗೆ ಕಂಪನಿ ವೆಲ್ಡಿಂಗ್ ಹೇಳಿತ್ತು, ಶಾಪ್ ತನ್ನ ಇಷ್ಟದಂತೆ ಬದಲಿಸಿತು, ತಕರಾರು ಇರುವುದು ಅಲ್ಲಿ. ಚಾವಣಿ ಅಂಚಿನ ಜೋಡಣೆ ಕಂಬಗಳನ್ನು ಒಟ್ಟಿಗೆ ಹಿಡಿಯುತ್ತದೆ. ಹಾಗಾಗಿ ಕೊಂಬೆ ಬಿದ್ದ ಚಾವಣಿ ಬರೀ ತಗ್ಗಾಗಿದ್ದರೆ ಬಡಿದು ಎತ್ತಿಸಿ. ಬದಲಿಸಲೇಬೇಕಾದರೆ ಕಂಪನಿಯ ಸರ್ವೀಸ್ ಸೆಂಟರ್‌ನಲ್ಲಿ ರಿಪೇರಿ ಪದ್ಧತಿ ಕೇಳಿಕೊಂಡು ಅದರಂತೆಯೇ ಮಾಡಿಸಿ. ಇಲ್ಲಿ ದುಡ್ಡು ಉಳಿಸಲು ಹೋಗಬೇಡಿ.

ಯಾರಿಗೆ ಯಾವುದು

ತೋಟದ ಹಳೆಯ ಜೀಪು, ಪಿಕಪ್ಪು. ನೆಲ ತೂತಾಗಿದೆ, ಬಜೆಟ್ ಕಡಿಮೆ, ಚೆಂದ ಮುಖ್ಯವಲ್ಲ. ತುಕ್ಕು ಹಿಡಿದದ್ದನ್ನು ಗಟ್ಟಿ ತಗಡು ಸಿಗುವವರೆಗೂ ಕತ್ತರಿಸಿ, 20 ಅಥವಾ 18 ಗೇಜಿನ ಶೀಟು ಹಾಕಿ ಸಿಓಟು ವೆಲ್ಡಿಂಗ್ ಮಾಡಿಸಿ, ಎರಡೂ ಕಡೆ ಪ್ರೈಮರ್ ಹೊಡೆಸಿ. ಪ್ರವಾಸಿಗರನ್ನು ಕೂರಿಸಿಕೊಂಡು ಬೆಟ್ಟ ಹತ್ತುವ ಜೀಪಾದರೆ ಸೀಟು, ಬೆಲ್ಟು ಹಿಡಿಯುವ ಜಾಗದಲ್ಲಿ ಅಂಟಿನ ಮಾತೇ ಬೇಡ.

ಬಾಗಿಲಿನ ಹೊರ ತಗಡು ಮಾತ್ರ ಬದಲಿಸುವುದಾದರೆ ಕಣ್ಣುಮುಚ್ಚಿ ಅಂಟು. ಕಾರ್ಖಾನೆಯಲ್ಲೂ ಅಂಚು ಮಡಚುವ ಕಡೆ ಅಂಟೇ ಇರುತ್ತದೆ. ಆದರೆ ಇಡೀ ಬಾಗಿಲು ಕಡಿಮೆ ಬೆಲೆಗೆ ಸಿಕ್ಕರೆ ಅದೇ ಸುಲಭ.

ಕ್ವಾರ್ಟರ್ ಪ್ಯಾನೆಲ್‌ನಲ್ಲಿ ಎರಡೂ ನಡೆಯುತ್ತದೆ, ಯೋಚನೆ ಇರುವುದು ಖರ್ಚಿನಲ್ಲಿ. ಅಂಟಿನ ಒಂದು ಟ್ಯೂಬೇ ಸಾವಿರಗಳ ಲೆಕ್ಕ, ಪ್ರತಿ ಸಲ ಹೊಸ ಮೂತಿ ಬೇಕು. ವೆಲ್ಡಿಂಗ್ ತಂತಿಗೆ ಅದರ ಮುಂದೆ ಖರ್ಚೇ ಇಲ್ಲ. ಆದರೆ ವೆಲ್ಡಿಂಗ್‌ಗೆ ಸೀಟು, ಲೈನಿಂಗು, ವೈರಿಂಗು ಹೆಚ್ಚು ಬಿಚ್ಚಬೇಕು, ಬ್ಯಾಟರಿ ತೆಗೆಯಬೇಕು, ಪೆಟ್ರೋಲ್ ಟ್ಯಾಂಕ್ ಪಕ್ಕ ಕಿಡಿ ಹಾರದಂತೆ ಮುಚ್ಚಬೇಕು. ಸಿಎನ್‌ಜಿ ಅಥವಾ ಎಲೆಕ್ಟ್ರಿಕ್ ಕಾರಾದರೆ ಇನ್ನೂ ಜಾಸ್ತಿ ಎಚ್ಚರ. ಪುಟ್ಟಿಯೂ ಹೆಚ್ಚು ಹಿಡಿಯುತ್ತದೆ. ಸಣ್ಣ ತೇಪೆಗೆ ವೆಲ್ಡಿಂಗ್ ಅಗ್ಗ, ಇಡೀ ಪ್ಯಾನೆಲ್‌ಗೆ ಅಂತರ ಅಷ್ಟೇನೂ ಉಳಿಯುವುದಿಲ್ಲ. ಹತ್ತು ವರ್ಷ ಓಡಿಸುವ ಕಾರು, ಮಳೆ ಊರು ಅಂದರೆ ನಾನು ಅಂಟಿಗೇ ಹೋಗುತ್ತೇನೆ. ಅಂಚಿನಲ್ಲಿ ಸ್ಪಾಟ್ ಹೊಡೆಯಲು ಜಾಗವಿದ್ದರೆ ಅದನ್ನೂ ಸೇರಿಸಿ.

ರನ್ನಿಂಗ್ ಬೋರ್ಡ್, ಕಂಬ, ರೈಲು ಇವಕ್ಕೆ ವೆಲ್ಡಿಂಗ್, ಅದೂ ಕಂಪನಿ ಹೇಳಿದ ಜಾಗದಲ್ಲಿ, ಹೇಳಿದ ರೀತಿಯಲ್ಲಿ. ಬಂಪರ್ ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ವೆಲ್ಡಿಂಗೋ ಅದಕ್ಕೆಂದೇ ಬರುವ ಅಂಟೋ ಸಾಕು.

ಇನ್ಶೂರೆನ್ಸ್ ಇದ್ದರೆ ಸರ್ವೇಯರ್ ನೋಡುವ ಮೊದಲು ಏನನ್ನೂ ಕತ್ತರಿಸಲು ಬಿಡಬೇಡಿ. ತುಕ್ಕಿನ ರಿಪೇರಿಗೆ ಕ್ಲೈಮ್ ಸಿಗುವುದಿಲ್ಲ. ಸವಕಳಿ ಕಡಿತ ಇಲ್ಲದ ಜೀರೋ ಡೆಪ್ ಪಾಲಿಸಿ ಇಲ್ಲದಿದ್ದರೆ ಬದಲಿಸಿದ ಲೋಹದ ಭಾಗಕ್ಕೆ ಗಾಡಿಯ ವಯಸ್ಸಿನ ಮೇಲೆ ಕಡಿತ ಇರುತ್ತದೆ. ಐದು ವರ್ಷ ದಾಟಿ ಹತ್ತು ವರ್ಷದೊಳಗಿನ ಗಾಡಿಗೆ 40 ಪರ್ಸೆಂಟ್, ಪ್ಲಾಸ್ಟಿಕ್ಕಿಗೆ ವಯಸ್ಸು ಎಷ್ಟಿದ್ದರೂ 50.

ಶೆಡ್ಡಿನಲ್ಲಿ ಕೇಳಬೇಕಾದ್ದು

ವೆಲ್ಡಿಂಗ್ ಮಾಡುವವರಿಗೆ ಅದೇ ದಪ್ಪದ ಎರಡು ತುಂಡು ತಗಡು ಕೊಟ್ಟು ಒಂದು ಪ್ಲಗ್ ವೆಲ್ಡ್ ಹೊಡೆಯಲು ಹೇಳಿ, ತಿರುಚಿ ಕೀಳಿಸಿ. ಬೆಸುಗೆ ಒಂದು ತಗಡನ್ನು ಕಿತ್ತುಕೊಂಡು ಬಂದರೆ ಕೆಲಸ ಕೊಡಿ. ಸುಮ್ನೆ ಬಿಟ್ಟುಕೊಂಡರೆ ಮುಂದಿನ ಶೆಡ್ ನೋಡಿ. ಒಳ್ಳೆಯ ಕೈಗಳು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಹಿಂಬದಿಗೆ ಏನು ಹೊಡೀತೀರಿ ಅಂತಲೂ ಆಗಲೇ ಕೇಳಿಬಿಡಿ.

ಅಂಟು ಹಾಕುವವರ ಹತ್ತಿರ ಪೊಟ್ಟಣ ತೋರಿಸಲು ಹೇಳಿ. ಹೆಸರು, ಕೊನೆಯ ದಿನಾಂಕ, ಯಾವ ಭಾಗಕ್ಕೆ ಹಾಕಬಾರದು ಎಂಬ ಸೂಚನೆ ಎಲ್ಲ ಅದರ ಮೇಲೋ ಜೊತೆಯ ಹಾಳೆಯಲ್ಲೋ ಇರುತ್ತದೆ. ತಗಡು ಉಜ್ಜಿ ಒರೆಸಿದ ಮೇಲೆ, ಅಂಟು ಹಚ್ಚಿ ಮುಚ್ಚುವ ಮುಂಚೆ ಒಂದೊಂದು ಫೋಟೋ ವಾಟ್ಸಾಪ್‌ನಲ್ಲಿ ಕಳಿಸಲು ಹೇಳಿ. ಬಿಲ್ಲಿನಲ್ಲಿ "ಡೆಂಟಿಂಗ್ ಪೇಂಟಿಂಗ್" ಅಂತ ಒಂದೇ ಸಾಲು ಬರೆಸಬೇಡಿ. ಯಾವ ಪ್ಯಾನೆಲ್, ಅಂಟಾ ವೆಲ್ಡಿಂಗಾ, ಯಾವ ಅಂಟು ಎಂಬುದನ್ನು ಬರೆಸಿ ಆರ್‌ಸಿ ಜೊತೆ ಇಟ್ಟುಕೊಳ್ಳಿ. ಮುಂದೆ ಅದೇ ಜಾಗಕ್ಕೆ ಇನ್ನೊಬ್ಬ ಟಿಂಕರ್ ಬೆಂಕಿ ಹಿಡಿಯುವ ಮುಂಚೆ ಒಳಗೆ ಅಂಟಿದೆ ಅಂತ ಗೊತ್ತಾಗಬೇಕಲ್ವಾ.